ಬಿಸಿಲಿನ ಗುಜರಿ

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಒಂದು ಕಾಲಕ್ಕೆ ಶೇಂಗಾ ಹೊಲಗಳಿದ್ದ ಜಾಗದಲ್ಲಿ ಈಗ ಕಣ್ಣು ಹಾಯುವವರೆಗೂ ನೀಲಿ ಗಾಜು. ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಎದ್ದಿದೆ. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಯ ಹೊತ್ತಿಗೆ ಪೂರ್ತಿಗೊಂಡಿತು. ಇಲ್ಲಿ ಸರ್ಕಾರ ರೈತರ ಜಮೀನು ಕೊಳ್ಳಲಿಲ್ಲ, ದೀರ್ಘಾವಧಿ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಮಳೆ ನಂಬಿ ಬಿತ್ತಿ ಸಾಲದಲ್ಲಿ ಮುಳುಗುತ್ತಿದ್ದವರಿಗೆ ಇದು ಖಾತ್ರಿ ದುಡ್ಡು. ಜಮೀನಿಲ್ಲದೆ ಕೂಲಿಯನ್ನೇ ನಂಬಿದ್ದವರಿಗೆ ಮಾತ್ರ ಹೊಲದ ಜೊತೆ ಕೆಲಸವೂ ಹೋಯಿತು. ಈ ಎರಡೂ ಕಥೆಗಳನ್ನು ಪತ್ರಿಕೆಗಳು ಸಾಕಷ್ಟು ಬರೆದಿವೆ. ನನ್ನ ತಲೆ ಕೊರೆಯುತ್ತಿರುವುದು ಇನ್ನೊಂದು ಲೆಕ್ಕ.

ಒಂದು ಪ್ಯಾನೆಲ್ 325 ವಾಟ್‌ನದು, ತೂಕ 22 ಕಿಲೊ ಎಂದು ಹಿಡಿಯೋಣ. ಆ ವರ್ಷಗಳ ಪ್ಯಾನೆಲ್‌ಗಳು ಹೆಚ್ಚುಕಡಿಮೆ ಹಾಗೇ ಇದ್ದವು. 2,050 ಮೆಗಾವಾಟ್ ಎಂದರೆ ಅರವತ್ತು ಲಕ್ಷಕ್ಕೂ ಮೀರಿದ ಪ್ಯಾನೆಲ್‌ಗಳು, 1.3 ಲಕ್ಷ ಟನ್‌ಗೂ ಹೆಚ್ಚು ತೂಕ. ಹತ್ತು ಟನ್ ಲಾರಿಗೆ ಹೇರಿದರೆ ಹದಿಮೂರು ಸಾವಿರಕ್ಕೂ ಹೆಚ್ಚು ಲೋಡು. ಪ್ಯಾನೆಲ್ಲಿನ ಆಯಸ್ಸು 25ರಿಂದ 30 ವರ್ಷ. ಗುತ್ತಿಗೆ ಮುಗಿದ ಮೇಲೆ ಹೊಲ ರೈತನಿಗೆ ಮರಳುತ್ತದೆ, ಸರಿ. ಈ ಲೋಡುಗಳು ಹೋಗುವುದೆಲ್ಲಿಗೆ?

ಸೌರವಿದ್ಯುತ್ತಿನ ಮಾತು ಬಂದಾಗ ನಾವು ಬಿಸಿಲನ್ನಷ್ಟೇ ನೋಡುತ್ತೇವೆ. ಬಿಸಿಲು ಪುಕ್ಕಟೆ, ಹೊಗೆಯಿಲ್ಲ, ಮುಗಿದುಹೋಗುವ ಭಯವಿಲ್ಲ. ಆದರೆ ಅದನ್ನು ಹಿಡಿಯುವ ಪ್ಯಾನೆಲ್, ರಾತ್ರಿಗೆಂದು ಕೂಡಿಡುವ ಬ್ಯಾಟರಿ ಎರಡನ್ನೂ ನೆಲ ಅಗೆದೇ ಮಾಡಬೇಕು. ಆ ವಸ್ತುಗಳು ಬಹುಕಾಲ ಬಾಳಿಕೆಗೆ ಬರುತ್ತವೆಯೇ ಎಂದು ಪ್ರಯೋಗಾಲಯಗಳು ತಮ್ಮದೇ ಕ್ರಮದಲ್ಲಿ ಅಳೆಯುತ್ತವೆ: ಧಾತು ಹೇರಳವಾಗಿದೆಯೇ, ವಿಷವೇ, ದಕ್ಷತೆ ಎಷ್ಟು. ಇವೆಲ್ಲಕ್ಕಿಂತ ಖಡಕ್ಕಾದ ಪರೀಕ್ಷಕ ನಮ್ಮ ಗುಜರಿ ಅಂಗಡಿಯವನು. ಅವನ ತಕ್ಕಡಿ ಏರಿದ್ದು ಮರುಬಳಕೆಯಾಗುತ್ತದೆ. ಅವನು ಬೇಡವೆಂದದ್ದು ಕೆರೆ ಏರಿಯ ಪಕ್ಕ ಬೀಳುತ್ತದೆ.

ಬೆಣಚುಕಲ್ಲಿನಿಂದ ಗಾಜಿನವರೆಗೆ

ಸೋಲಾರ್ ಪ್ಯಾನೆಲ್ಲನ್ನು ಮರಳಿನಿಂದ ಮಾಡುತ್ತಾರೆ ಎಂಬ ಮಾತಿದೆ. ಬಳಸುವುದು ಹೆಚ್ಚಾಗಿ ಬೆಣಚುಕಲ್ಲು. ಅದನ್ನು ಇದ್ದಿಲು, ಕಲ್ಲಿದ್ದಲು, ಮರದ ಚೂರುಗಳ ಜೊತೆ ವಿದ್ಯುತ್ ಕುಲುಮೆಗೆ ಸುರಿದು ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸುತ್ತಾರೆ. ಕಲ್ಲಿನೊಳಗಿನ ಆಮ್ಲಜನಕವನ್ನು ಇಂಗಾಲ ಎಳೆದುಕೊಂಡು ಹೋಗುತ್ತದೆ, ಸಿಲಿಕಾನ್ ಉಳಿಯುತ್ತದೆ. ಅಷ್ಟು ಸಾಲದು. ಆ ಸಿಲಿಕಾನನ್ನು ಹೈಡ್ರೋಜನ್ ಕ್ಲೋರೈಡ್ ಜೊತೆ ಬೆರೆಸಿ ದ್ರವ ಮಾಡಿ, ಬಟ್ಟಿ ಇಳಿಸಿ, ಮತ್ತೆ ಕಾದ ಸರಳುಗಳ ಮೇಲೆ ಘನವಾಗಿ ಕೂರಿಸುತ್ತಾರೆ. ಹತ್ತು ಲಕ್ಷ ಪರಮಾಣುಗಳಲ್ಲಿ ಒಂದು ಹೊರಗಿನದಿದ್ದರೂ ಜಾಸ್ತಿಯಾಯಿತು ಎನ್ನುವಷ್ಟು ಮಡಿ. ಬಳಿಕ ಕರಗಿದ ಸಿಲಿಕಾನಿಗೆ ಸಣ್ಣ ಹರಳೊಂದನ್ನು ಅದ್ದಿ, ನಿಧಾನಕ್ಕೆ ತಿರುಗಿಸುತ್ತಾ ಮೇಲೆಳೆದರೆ ಒಂದೇ ಹರಳಿನ ದಿಂಡು ಬೆಳೆಯುತ್ತದೆ. ಈ ವಿಧಾನ ಪೋಲೆಂಡಿನ ಯಾನ್ ಚೊಕ್ರಾಲ್‌ಸ್ಕಿಯದು. 1916ರಲ್ಲಿ ಅವನು ಬರೆಯುತ್ತ ಕೂತಿದ್ದಾಗ ಪೆನ್ನನ್ನು ಶಾಯಿ ದವತಿಯ ಬದಲು ಪಕ್ಕದಲ್ಲಿದ್ದ ಕರಗಿದ ತವರಕ್ಕೆ ಅದ್ದಿಬಿಟ್ಟನಂತೆ. ಎತ್ತಿದಾಗ ತುದಿಗೆ ತೆಳ್ಳನೆಯ ಲೋಹದ ಎಳೆ ಅಂಟಿಕೊಂಡು ಬಂತು. ಇಂದಿನ ಸಿಲಿಕಾನ್ ಕೋಶಗಳ ಮೂಲ ಆ ಎಡವಟ್ಟಿನಲ್ಲಿದೆ.

ಅಮೆರಿಕದ ಬೆಲ್ ಲ್ಯಾಬ್ಸ್ 1954ರಲ್ಲಿ ತೋರಿಸಿದ ಮೊದಲ ಬಳಕೆಯೋಗ್ಯ ಸಿಲಿಕಾನ್ ಕೋಶ ಬಿಸಿಲಿನ ಶೇ 6ರಷ್ಟನ್ನು ವಿದ್ಯುತ್ತಾಗಿಸುತ್ತಿತ್ತು. ಇವತ್ತು ಮಾರುಕಟ್ಟೆಯ ಪ್ಯಾನೆಲ್‌ಗಳು ಶೇ 20 ದಾಟಿವೆ. ಇಪ್ಪತ್ತು ವರ್ಷದ ಹಿಂದೆ ಒಂದು ವಾಟ್‌ಗೆ ಸುಮಾರು 16 ಗ್ರಾಂ ಸಿಲಿಕಾನ್ ಬೇಕಿತ್ತು, ಈಗ ಎರಡು ಗ್ರಾಂ ಆಸುಪಾಸಿನಲ್ಲಿ ಮುಗಿಯುತ್ತದೆ. ನಮ್ಮಂಥ ಬಿಸಿಲಿನ ದೇಶದಲ್ಲಿ ಪ್ಯಾನೆಲ್ ತನ್ನ ತಯಾರಿಕೆಗೆ ಖರ್ಚಾದ ಶಕ್ತಿಯನ್ನು ಒಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷದಲ್ಲಿ ತೀರಿಸುತ್ತದೆ. "ತಯಾರಿಸಲು ಹಿಡಿಯುವ ಕರೆಂಟನ್ನೂ ಅದು ಕೊಡೋದಿಲ್ಲ" ಎಂದು ಈಗಲೂ ವಾದಿಸುವವರಿಗೆ ಇಷ್ಟು ಉತ್ತರ ಸಾಕು. ಕುಲುಮೆಗೆ ಕಲ್ಲಿದ್ದಲ ವಿದ್ಯುತ್ತು ಸುರಿದಿರುವುದು ನಿಜ, ಆದರೂ ಲೆಕ್ಕ ಸೂರ್ಯನ ಪರವಾಗಿಯೇ ಇದೆ.

ತೊಡಕಿರುವುದು ಮುಂದಿನ ಹಂತದಲ್ಲಿ. ಮೇಲೆ ಗಾಜು, ಕೆಳಗೆ ಪ್ಲಾಸ್ಟಿಕ್ ಹಾಳೆ, ನಡುವೆ ಕೋಶಗಳು. ಇವುಗಳನ್ನು ಹಿಡಿದಿಡುವುದು ಇವಿಎ ಎಂಬ ಪಾರದರ್ಶಕ ಅಂಟು. ಶೂಗಳ ಅಟ್ಟೆಗೂ ಇದೇ ಜಾತಿಯ ಪ್ಲಾಸ್ಟಿಕ್ ಬಳಕೆಯಾಗುತ್ತದೆ. 150 ಡಿಗ್ರಿ ಹತ್ತಿರದ ಶಾಖದಲ್ಲಿ, ಗಾಳಿ ತೆಗೆದ ಯಂತ್ರದಲ್ಲಿ ಒತ್ತಿದಾಗ ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಿಡುತ್ತವೆ. ಆಮೇಲೆ ಅದು ಕರಗುವುದಿಲ್ಲ. ಇಪ್ಪತ್ತೈದು ಮಳೆಗಾಲ ನೀರು ಒಳಗಿಳಿಯದಿರಲಿ ಎಂದು ಮಾಡಿದ ಬಂದೋಬಸ್ತು ಅದು, ಮತ್ತು ಅದನ್ನು ಚೆನ್ನಾಗಿಯೇ ನಿಭಾಯಿಸುತ್ತದೆ. ಅದೇ ಕಾರಣಕ್ಕೆ ಇಪ್ಪತ್ತಾರನೆಯ ವರ್ಷ ಬಿಡಿಸಲು ಹೋದವರಿಗೆ ಪ್ಯಾನೆಲ್ ಬಾಯಿ ಬಿಡುವುದಿಲ್ಲ. ಸುಟ್ಟು ತೆಗೆಯೋಣವೆಂದರೆ ಹಿಂಬದಿಯ ಹಾಳೆಯಲ್ಲಿ ಫ್ಲೋರಿನ್ ಇರುತ್ತದೆ, ಹೊಗೆ ಅಪಾಯಕಾರಿ. ಪುಡಿ ಮಾಡಿದರೆ ಗಾಜು, ಪ್ಲಾಸ್ಟಿಕ್, ಸಿಲಿಕಾನ್, ಬೆಸುಗೆಯ ಸೀಸ ಎಲ್ಲ ಕಲಸಿಹೋಗುತ್ತದೆ.

ಹಳೇ ಪ್ಯಾನೆಲ್ ಒಂದನ್ನು ಗುಜರಿಗೆ ಹೊತ್ತುಕೊಂಡು ಹೋಗಿ ನೋಡಿ. "ಫ್ರೇಮ್ ಬಿಚ್ಕೊಂಡು ಬನ್ನಿ ಸಾರ್, ಗಾಜು ನೀವೇ ಇಟ್ಕೊಳ್ಳಿ" ಎನ್ನುತ್ತಾನೆ. ಅಲ್ಯೂಮಿನಿಯಂ ಚೌಕಟ್ಟು, ಹಿಂದಿನ ಡಬ್ಬಿಯ ತಾಮ್ರದ ವೈರು ಅವನಿಗೆ ಬೇಕು. ತೂಕದಲ್ಲಿ ಮುಕ್ಕಾಲು ಪಾಲಿನಷ್ಟಿರುವ ಗಾಜು ಬೇಡ. ನೂರಕ್ಕೆ ಮೂರು-ನಾಲ್ಕರಷ್ಟಿರುವ ಅತಿಶುದ್ಧ ಸಿಲಿಕಾನ್, ಅಂದರೆ ಕುಲುಮೆ, ಬಟ್ಟಿ, ಹರಳು ಎಂದು ಅಷ್ಟೆಲ್ಲ ಪಾಡುಪಟ್ಟು ತೆಗೆದದ್ದು, ಅವನ ಕಣ್ಣಿಗೆ ಕಸ. ಕೋಶಗಳ ಮೇಲಿನ ತೆಳು ಗೆರೆಗಳಲ್ಲಿ ಕೆಲವೇ ಗ್ರಾಂ ಬೆಳ್ಳಿ ಇರುತ್ತದೆ. ಅದನ್ನು ತೆಗೆಯಲು ಆಮ್ಲ ಬೇಕು, ಆ ಕೆಲಸ ಅವನ ಅಂಗಡಿಯಲ್ಲಿ ಆಗದಿದ್ದರೇ ಒಳಿತು.

ಪ್ಯಾನೆಲ್ ತಯಾರಕರು ದುಬಾರಿ ಬೆಳ್ಳಿಯ ಬದಲು ತಾಮ್ರ ಬಳಸಲು ಒದ್ದಾಡುತ್ತಿದ್ದಾರೆ. ಸಂಪನ್ಮೂಲದ ದೃಷ್ಟಿಯಿಂದ ಒಳ್ಳೆಯ ಕೆಲಸವೇ. ಆದರೆ ಹಳೆಯ ಪ್ಯಾನೆಲ್ ಬಿಡಿಸುವ ಕಾರ್ಖಾನೆಗಳಿಗೆ ನಾಲ್ಕು ಕಾಸು ಹುಟ್ಟುವುದು ಆ ಬೆಳ್ಳಿಯಿಂದಲೇ. ಅದು ಹೋದರೆ ಪ್ಯಾನೆಲ್ ಇನ್ನಷ್ಟು ಅಗ್ಗವಾಗುತ್ತದೆ, ಸತ್ತ ಮೇಲೆ ಇನ್ನಷ್ಟು ಅನಾಥವಾಗುತ್ತದೆ. ವಸ್ತು ಸುಲಭಕ್ಕೆ ಸಿಗುವಂತಾದಷ್ಟೂ ಅದನ್ನು ವಾಪಸು ಪಡೆಯುವ ಆಸೆ ಕಡಿಮೆಯಾಗುತ್ತದೆ. ಮುಂದೆ ನೋಡುವ ಹೊಸ ವಸ್ತುಗಳಲ್ಲಿ ಹಲವು ಈ ಇಕ್ಕಟ್ಟಿನಲ್ಲೇ ಸಿಕ್ಕಿಕೊಂಡಿವೆ.

ವಿಷಕ್ಕೆ ಬೆಲೆಯಿದೆ

ತದ್ವಿರುದ್ಧದ ಉದಾಹರಣೆ ನಮ್ಮ ಮನೆಗಳಲ್ಲೇ ಇದೆ. ಹರೀಶ್ ಹಂದೆ 1995ರಲ್ಲಿ ಸೆಲ್ಕೊ ಸಂಸ್ಥೆ ಆರಂಭಿಸಿ ಕರಾವಳಿ, ಮಲೆನಾಡಿನ ಒಂಟಿಮನೆಗಳಿಗೆ ಬ್ಯಾಂಕ್ ಸಾಲದಲ್ಲಿ ಸೋಲಾರ್ ದೀಪ ಮುಟ್ಟಿಸತೊಡಗಿದಾಗ ಜೊತೆಗೆ ಹೋದದ್ದು ಸೀಸ-ಆಮ್ಲದ ಬ್ಯಾಟರಿ. ಆ ಕೆಲಸಕ್ಕೆ 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬ್ಯಾಟರಿ ಮಾತ್ರ ಫ್ರಾನ್ಸಿನ ಗ್ಯಾಸ್ತೊ ಪ್ಲಾಂತೆ 1859ರಲ್ಲಿ ಕಂಡುಹಿಡಿದದ್ದೇ. ಭಾರ, ಆಗಾಗ ಡಿಸ್ಟಿಲ್ಡ್ ವಾಟರ್ ಕೇಳುತ್ತದೆ, ಪೂರ್ತಿ ಖಾಲಿ ಮಾಡಿದರೆ ಸೊರಗುತ್ತದೆ. ಒಳಗಿರುವುದು ಶುದ್ಧ ವಿಷ. ಆದರೂ ಸತ್ತ ಬ್ಯಾಟರಿಯನ್ನು ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಅಂಗಡಿಯವನೇ ಹಳೆಯದನ್ನು ತೆಗೆದುಕೊಂಡು ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುತ್ತಾನೆ. ಸೀಸ 327 ಡಿಗ್ರಿಗೇ ಕರಗುತ್ತದೆ, ಕರಗಿಸಿ ಎರಕ ಹೊಯ್ದರೆ ಮತ್ತೆ ಸೀಸವೇ. ಅಮೆರಿಕದಲ್ಲಿ ಇಂಥ ಬ್ಯಾಟರಿಗಳಲ್ಲಿ ಶೇ 99ರಷ್ಟು ಮರುಬಳಕೆಗೆ ಹೋಗುತ್ತವೆ ಎಂದು ಅಲ್ಲಿನ ಉದ್ಯಮ ಹೇಳಿಕೊಳ್ಳುತ್ತದೆ. ಜಗತ್ತಿನಲ್ಲಿ ಇಷ್ಟು ಪೂರ್ತಿಯಾಗಿ ತಿರುಗಿ ಬರುವ ಪದಾರ್ಥಗಳು ಕಡಿಮೆ.

ಹಾಗಂತ ಸೀಸವನ್ನು ಹೊಗಳಿ ಕೂರುವಂತಿಲ್ಲ. ಊರಾಚೆಯ ಶೆಡ್ಡಿನಲ್ಲಿ ಬ್ಯಾಟರಿಯನ್ನು ಕೊಡಲಿಯಿಂದ ಒಡೆದು, ಆಮ್ಲವನ್ನು ಮೋರಿಗೆ ಚೆಲ್ಲಿ, ತೆರೆದ ಬಟ್ಟಿಯಲ್ಲಿ ಸೀಸ ಕಾಯಿಸುವ ದಂಧೆ ಇನ್ನೂ ನಡೆಯುತ್ತದೆ. ಜಗತ್ತಿನ ಮೂರು ಮಕ್ಕಳಲ್ಲಿ ಒಂದರ, ಅಂದರೆ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಮಿತಿ ಮೀರಿದೆ ಎಂದು ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು 2020ರಲ್ಲಿ ವರದಿ ಕೊಟ್ಟಾಗ, ದೊಡ್ಡ ಕಾರಣಗಳಲ್ಲೊಂದಾಗಿ ಬೊಟ್ಟು ಮಾಡಿದ್ದು ಇಂಥ ಬಟ್ಟಿಗಳ ಕಡೆಗೇ. ಗುಜರಿಯವನು ಒಪ್ಪಿದ ಮಾತ್ರಕ್ಕೆ ವಸ್ತು ಶುದ್ಧವಾಗುವುದಿಲ್ಲ. ಅದು ಸುತ್ತಿ ಬರುತ್ತದೆ ಎಂಬುದಕ್ಕೆ ಅವನು ಸಾಕ್ಷಿ, ಯಾರ ಮನೆ ಮುಂದೆ ಸುತ್ತಿ ಬರುತ್ತದೆ ಎಂಬುದಕ್ಕಲ್ಲ.

ಸಿಲಿಕಾನ್ ಬದಲು ಕ್ಯಾಡ್ಮಿಯಂ ಟೆಲ್ಯುರೈಡ್ ಬಳಸುವ ಪ್ಯಾನೆಲ್‌ಗಳ ಕಥೆಯನ್ನು ಇಲ್ಲಿಟ್ಟು ನೋಡಬೇಕು. ಕ್ಯಾಡ್ಮಿಯಂ ಹೆಸರು ಕೇಳಿದರೇ ಪರಿಸರವಾದಿಗಳು ಬೆಚ್ಚುತ್ತಾರೆ. ಟೆಲ್ಯುರಿಯಂ ಅಪರೂಪದ ಧಾತು, ತಾಮ್ರ ಶುದ್ಧಿ ಮಾಡುವಾಗ ತಳದಲ್ಲಿ ಉಳಿಯುವ ಕೆಸರಿನಿಂದ ಸಿಗಬೇಕು. ಪಟ್ಟಿ ಹಿಡಿದು ಅಂಕ ಹಾಕಿದರೆ ಇದು ನಪಾಸು. ಆದರೆ ಇದನ್ನು ತಯಾರಿಸುವ ಅಮೆರಿಕದ ಫಸ್ಟ್ ಸೋಲಾರ್ ಕಂಪನಿ 2005ರಷ್ಟು ಹಿಂದೆಯೇ ತನ್ನ ಹಳೇ ಪ್ಯಾನೆಲ್ ತಾನೇ ವಾಪಸು ಪಡೆಯುವ ಏರ್ಪಾಡು ಮಾಡಿಕೊಂಡಿತು. ಟೆಲ್ಯುರಿಯಂ ಬಿಟ್ಟುಕೊಡುವುದು ಅದಕ್ಕೆ ನಷ್ಟ, ಕ್ಯಾಡ್ಮಿಯಂ ಬಿಟ್ಟರೆ ಕೆಟ್ಟ ಹೆಸರು. ವಿಷ ಮತ್ತು ಅಭಾವ ಎರಡೂ ಸೇರಿ ಕಂಪನಿಯನ್ನು ಜವಾಬ್ದಾರನನ್ನಾಗಿ ಮಾಡಿದವು. 2024ರಲ್ಲಿ ಅದರ ಕಾರ್ಖಾನೆ ತಮಿಳುನಾಡಿನಲ್ಲೂ ಉದ್ಘಾಟನೆಯಾಯಿತು.

ಪೆರೊವ್‌ಸ್ಕೈಟ್ ಎಂಬ ವಸ್ತುವಿನದು ಇನ್ನೂ ವಿಚಿತ್ರ ಕಥೆ. 1839ರಲ್ಲಿ ರಷ್ಯಾದ ಉರಾಲ್ ಬೆಟ್ಟಗಳ ಖನಿಜವೊಂದನ್ನು ಗುರುತಿಸಿದ ಜರ್ಮನಿಯ ಗುಸ್ತಾವ್ ರೋಸೆ, ಅದಕ್ಕೆ ಲೆವ್ ಪೆರೊವ್‌ಸ್ಕಿ ಎಂಬ ರಷ್ಯನ್ ಗಣ್ಯನ ಹೆಸರಿಟ್ಟ. ಬೆಳಕು ಬಿದ್ದರೆ ವಿದ್ಯುತ್ ಹರಿಯುತ್ತದೆಂದು ಫ್ರಾನ್ಸಿನ ಎದ್ಮೊ ಬೆಕ್ವರೆಲ್ ಗಮನಿಸಿದ್ದೂ ಅದೇ ವರ್ಷ. ಎರಡೂ ಸಂಗತಿ ಕೂಡಿಕೊಳ್ಳಲು 170 ವರ್ಷ ಹಿಡಿಯಿತು. ಅದೇ ರಚನೆಯ, ಆದರೆ ಸೀಸ ಮತ್ತು ಅಯೋಡಿನ್ ಇರುವ ಸಂಯುಕ್ತದಿಂದ ಜಪಾನಿನ ತ್ಸುತೊಮು ಮಿಯಾಸಾಕಾ 2009ರಲ್ಲಿ ಶೇ 3.8 ದಕ್ಷತೆಯ ಕೋಶ ಮಾಡಿದರು. ಈಗ ಪ್ರಯೋಗಾಲಯದಲ್ಲಿ ಶೇ 26 ದಾಟಿದೆ. ಸಿಲಿಕಾನ್ ಮೇಲೆ ಇದರದೊಂದು ಪದರ ಕೂರಿಸಿದ ಜೋಡಿಕೋಶಗಳು ಶೇ 34ನ್ನೂ ದಾಟಿವೆ. ಸಿಲಿಕಾನ್ ಒಂದೇ ಆದರೆ ಶೇ 29.4ರ ಆಚೆ ಹೋಗಲು ಭೌತಶಾಸ್ತ್ರವೇ ಬಿಡುವುದಿಲ್ಲ. ಪೆರೊವ್‌ಸ್ಕೈಟ್‌ಗೆ ಕುಲುಮೆಯೂ ಬೇಡ, ನೂರು-ನೂರೈವತ್ತು ಡಿಗ್ರಿಯಲ್ಲಿ ಶಾಯಿ ಬಳಿದಂತೆ ಬಳಿಯಬಹುದು.

ಕೊರತೆ ಎರಡು. ನೀರು ತಾಗಿದರೆ ಕರಗುತ್ತದೆ, ಕರಗಿದರೆ ಸೀಸ ಹೊರಬರುತ್ತದೆ. ಸೀಸದ ಬದಲು ತವರ ಹಾಕಿ ನೋಡಿದರು. ತವರ ಗಾಳಿಗೆ ಬೇಗ ಕೆಡುತ್ತದೆ, ದಕ್ಷತೆ ಕುಸಿಯುತ್ತದೆ. ಆದರೆ ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದವರು 2025ರಲ್ಲಿ ಈ ದೌರ್ಬಲ್ಯವನ್ನೇ ಹಿಡಿದುಕೊಂಡರು. ಕರಗುವುದೇ ಆದರೆ ನಾವೇ ಕರಗಿಸೋಣ ಎಂದು, ನೀರನ್ನೇ ದ್ರಾವಕವಾಗಿಟ್ಟುಕೊಂಡು ಹಳೆಯ ಕೋಶದ ಪದರಗಳನ್ನು ಒಂದೊಂದಾಗಿ ಬಿಡಿಸಿ, ಅದೇ ಸಾಮಗ್ರಿಯಿಂದ ಹೊಸ ಕೋಶ ಕಟ್ಟಿದರು. ದಕ್ಷತೆ ಹೆಚ್ಚುಕಡಿಮೆ ಹಾಗೇ ಉಳಿಯಿತು. ಇದು ಇನ್ನೂ ಪ್ರಯೋಗಾಲಯದ ಮಾತು. ಆದರೂ ವಿಜ್ಞಾನಿಗಳು ಕಟ್ಟುವಾಗಲೇ ಬಿಚ್ಚುವುದನ್ನೂ ಯೋಚಿಸಿದ್ದಾರೆ ಎಂಬ ಕಾರಣಕ್ಕೆ, ದಕ್ಷತೆಯ ಹತ್ತು ದಾಖಲೆಗಳಿಗಿಂತ ನನಗೆ ಈ ಸುದ್ದಿ ದೊಡ್ಡದು.

ತಾಮ್ರ, ಸತು, ತವರ, ಗಂಧಕ ಸೇರಿಸಿದ ಕೆಸ್ಟರೈಟ್ ಎಂಬುದೂ ಒಂದಿದೆ. ವಿಷವಿಲ್ಲ, ಅಭಾವವಿಲ್ಲ, ಕಾಗದದ ಮೇಲೆ ಅಪ್ಪಟ ಚಿನ್ನ. ತಾಮ್ರ ಮತ್ತು ಸತುವಿನ ಪರಮಾಣುಗಳು ಗಾತ್ರದಲ್ಲಿ ಒಂದೇ ತರಹ ಇರುವುದರಿಂದ ಹರಳಿನೊಳಗೆ ಜಾಗ ಅದಲುಬದಲು ಮಾಡಿಕೊಂಡು ಕೆಲಸ ಕೆಡಿಸುತ್ತವೆ. ದಶಕಗಳ ಬೆವರಿನ ನಂತರವೂ ದಕ್ಷತೆ ಶೇ 15ರ ಆಸುಪಾಸಿನಲ್ಲಿದೆ.

ಸಂಜೆ ಆರರ ನಂತರ

ಕರ್ನಾಟಕದ ತಲೆನೋವು ಈಗ ಮಧ್ಯಾಹ್ನದ್ದಲ್ಲ, ಸಂಜೆಯದು. ಹಗಲು ಸೋಲಾರ್ ಸಾಕಷ್ಟು ಬರುತ್ತದೆ, ದೀಪ ಹಚ್ಚುವ ಹೊತ್ತಿಗೆ ಇಳಿಯುತ್ತದೆ. ಕೂಡಿಡಲೇಬೇಕು.

1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಕೋಬಾಲ್ಟ್ ಇತ್ತು. ಜಗತ್ತಿನ ಕೋಬಾಲ್ಟಿನ ಸಿಂಹಪಾಲು ಬರುವುದು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಗಣಿಗಳಿಂದ. ಅಲ್ಲಿ ಕೈಯಲ್ಲೇ ಸುರಂಗ ತೋಡುವವರಲ್ಲಿ ಮಕ್ಕಳೂ ಇದ್ದಾರೆ ಎಂಬುದು ಈಗ ಗುಟ್ಟೇನಲ್ಲ. ಇದರಿಂದ ಹೊರಬರುವ ದಾರಿ 1997ರಲ್ಲೇ ಅಮೆರಿಕದ ಟೆಕ್ಸಾಸಿನಿಂದ ಪ್ರಕಟವಾಗಿತ್ತು. ಪಾಢಿ, ನಂಜುಂಡಸ್ವಾಮಿ, ಗುಡ್‌ಎನಫ್ ಎಂಬ ಮೂವರ ಆ ಪ್ರಬಂಧ, ಕಬ್ಬಿಣ ಮತ್ತು ಫಾಸ್ಫೇಟಿನಿಂದಲೂ ಲಿಥಿಯಂ ಬ್ಯಾಟರಿ ಮಾಡಬಹುದೆಂದು ತೋರಿಸಿತು. ಜಾನ್ ಗುಡ್‌ಎನಫ್ ಅವರಿಗೆ 97ನೇ ವಯಸ್ಸಿನಲ್ಲಿ, 2019ರಲ್ಲಿ, ನೊಬೆಲ್ ಬಂತು. ಮನೆಯ ಇನ್ವರ್ಟರ್‌ಗೆ ಈಗ "ಲಿಥಿಯಂ ಹಾಕಿಸಿ" ಎಂದು ಅಂಗಡಿಯವರು ಹೇಳುವುದು ಹೆಚ್ಚಾಗಿ ಈ ಕಬ್ಬಿಣದ ಜಾತಿಯನ್ನೇ. ಬೇಗ ಬೆಂಕಿ ಹಿಡಿಯುವುದಿಲ್ಲ, ಸಾವಿರಾರು ಸಲ ಚಾರ್ಜ್ ತಾಳುತ್ತದೆ, ಕಾಂಗೊ ಹಂಗಿಲ್ಲ. ಗುಜರಿ ಲೆಕ್ಕದಲ್ಲಿ ಮಾತ್ರ ಹಿಂದೆ. ಕೋಬಾಲ್ಟ್ ಇದ್ದ ಬ್ಯಾಟರಿಯನ್ನು ಹುಡುಕಿಕೊಂಡು ಬಂದು ಕೊಳ್ಳುವವರಿದ್ದರು, ಕಬ್ಬಿಣ-ಫಾಸ್ಫೇಟಿಗೆ ಯಾರು ಬರುತ್ತಾರೆ? ಅದರೊಳಗೆ ಕಾಸು ಹುಟ್ಟುವುದು ಒಂದಿಷ್ಟು ಲಿಥಿಯಂನಿಂದ ಮತ್ತು ತಾಮ್ರದ ಹಾಳೆಯಿಂದ ಅಷ್ಟೇ.

ಮಂಡ್ಯದ ಮರಳಗಾಲ-ಅಲ್ಲಾಪಟ್ಟಣದ ಬಳಿ ಲಿಥಿಯಂ ಸಿಕ್ಕಿತೆಂದು ಕೆಲ ವರ್ಷಗಳ ಹಿಂದೆ ದೊಡ್ಡ ಸದ್ದಾಯಿತು. ಅಣು ಖನಿಜ ನಿರ್ದೇಶನಾಲಯ ಕೊಟ್ಟ ಅಂದಾಜು 1,600 ಟನ್, ಅದೂ ಪ್ರಾಥಮಿಕ ಹಂತದ್ದು. ದೇಶದ ಹಸಿವಿನ ಮುಂದೆ ಅದು ಉಪ್ಪಿನಕಾಯಿಯಷ್ಟು.

ಸೋಡಿಯಂ ಆದರೆ ಕಡಲ ತುಂಬ ಇದೆ. ಸೋಡಿಯಂ ಅಯಾನ್ ಬ್ಯಾಟರಿಯಲ್ಲಿ ತಾಮ್ರದ ಹಾಳೆಯ ಬದಲು ಎರಡೂ ಕಡೆ ಅಲ್ಯೂಮಿನಿಯಂ ನಡೆಯುತ್ತದೆ. ಋಣಧ್ರುವಕ್ಕೆ ಬೇಕಾದ ಗಟ್ಟಿ ಇಂಗಾಲವನ್ನು ತೆಂಗಿನ ಕರಟ ಸುಟ್ಟೂ ಮಾಡುತ್ತಾರೆ. ಪಾವಗಡವಿರುವ ಜಿಲ್ಲೆಯಲ್ಲೇ ತಿಪಟೂರೂ ಇದೆ, ಕರಟಕ್ಕೇನು ಬರ? ತೂಕಕ್ಕೆ ಹೋಲಿಸಿದರೆ ಶಕ್ತಿ ಲಿಥಿಯಂಗಿಂತ ಕಡಿಮೆ. ಕಾರಿಗೆ ಅದು ಕುಂದು, ಒಂದೇ ಕಡೆ ಕೂತಿರುವ ಗ್ರಿಡ್ ಬ್ಯಾಟರಿಗೆ ಅಷ್ಟಾಗಿ ಅಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ, ಆರೇ ನಿಮಿಷದಲ್ಲಿ ಶೇ 80 ಚಾರ್ಜ್ ಆಗುವ, 3,000 ಸಲ ಮೀರಿ ಬಾಳುವ ಸೋಡಿಯಂ ಬ್ಯಾಟರಿಯನ್ನು 2025ರಲ್ಲಿ ವರದಿ ಮಾಡಿತು. ಅಷ್ಟು ವೇಗ ದಕ್ಕಿಸಿಕೊಳ್ಳಲು ನಿಯೋಬಿಯಂ, ವನೇಡಿಯಂಗಳ ನೆರವು ಪಡೆದಿದ್ದಾರೆ, ಅವು ಸಮುದ್ರದ ಉಪ್ಪಿನಲ್ಲಿ ಸಿಗುವಂಥವಲ್ಲ. ಇನ್ನು ಅಗ್ಗದ ಸೋಡಿಯಂ ಬ್ಯಾಟರಿಯಲ್ಲಿ ಗುಜರಿಯವನು ಕೈ ಹಾಕುವಂಥದ್ದು ಅಲ್ಯೂಮಿನಿಯಂ ಬಿಟ್ಟರೆ ಏನೂ ಇರುವುದಿಲ್ಲ.

ಈ ಗೋಜಲೇ ಇಲ್ಲದ ಉಗ್ರಾಣವೂ ಉಂಟು: ಶಾಖವನ್ನು ಶಾಖವಾಗಿಯೇ ಇಡುವುದು. ಸ್ಪೇನಿನ ಸೆವಿಲ್ ಬಳಿ 2011ರಲ್ಲಿ ಶುರುವಾದ ಹೆಮಾಸೊಲಾರ್ ಸ್ಥಾವರ, ಕರಗಿದ ಸೋಡಿಯಂ-ಪೊಟ್ಯಾಸಿಯಂ ನೈಟ್ರೇಟ್ ಉಪ್ಪನ್ನು 565 ಡಿಗ್ರಿಗೆ ಕಾಯಿಸಿಟ್ಟು, ಸೂರ್ಯ ಮುಳುಗಿದ ಮೇಲೂ ಹದಿನೈದು ಗಂಟೆ ವಿದ್ಯುತ್ ತೆಗೆಯುವಂತೆ ಕಟ್ಟಿದ್ದು. ಫಿನ್ಲೆಂಡಿನ ಕಂಕಾನ್ಪಾದಲ್ಲಿ 2022ರಲ್ಲಿ ನೂರು ಟನ್ ಮರಳನ್ನು ಉಕ್ಕಿನ ಕಣಜದಲ್ಲಿ ತುಂಬಿ, ಅಗ್ಗದ ಹೊತ್ತಿನ ವಿದ್ಯುತ್ತಿನಿಂದ ಕಾಯಿಸಿ ಊರಿನ ಮನೆಗಳಿಗೆ ಬಿಸಿನೀರು ಹರಿಸಿದರು. 2025ರಲ್ಲಿ ಪೋರ್ನಾಯಿನೆನ್ ಎಂಬಲ್ಲಿ ಅದರ ದೊಡ್ಡಣ್ಣ ಬಂತು. ಅದರಲ್ಲಿ ಮರಳಿನ ಬದಲು 2,000 ಟನ್ ಬಳಪದ ಕಲ್ಲಿನ ಚೂರು, ಅದೂ ಒಲೆ ತಯಾರಿಸುವ ಕಾರ್ಖಾನೆಯ ತ್ಯಾಜ್ಯ. ಬೇಲೂರು, ಹಳೇಬೀಡಿನಲ್ಲಿ ಶಿಲ್ಪಿಗಳು ಉಳಿಯಾಡಿಸಿದ್ದೂ ಬಳಪದ ಕಲ್ಲಿನ ಮೇಲೆಯೇ. ಮೂವತ್ತು ವರ್ಷದ ನಂತರ ಕಣಜ ಒಡೆದರೆ ಒಳಗಿರುವುದು ಕಲ್ಲು, ಸುರಿದಲ್ಲಿ ಸುಮ್ಮನೆ ಬಿದ್ದಿರುತ್ತದೆ. ಚಳಿ ದೇಶದ ಸರಕು ನಮಗೇಕೆ ಎನ್ನಬೇಡಿ. ರಾಮನಗರ, ಶಿಡ್ಲಘಟ್ಟದ ರೀಲರ್‌ಗಳು ರೇಷ್ಮೆಗೂಡು ಬೇಯಿಸಲು, ಮಲೆನಾಡಿನವರು ಅಡಿಕೆ ಬೇಯಿಸಲು ಸುಡುವ ಸೌದೆಯನ್ನು ನೆನೆಸಿಕೊಳ್ಳಿ. ಅವರಿಗೆ ಬೇಕಿರುವುದು ಕುದಿಯುವ ನೀರು. ನಮ್ಮ ಇಂಧನ ಯೋಜನೆಗಳಿಗೆ ಮೆಗಾವಾಟ್ ಕಾಣುವಷ್ಟು ಹಂಡೆ ಕಾಣುವುದಿಲ್ಲ.

ನೀರನ್ನೇ ಬ್ಯಾಟರಿ ಮಾಡುವ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯೂ ಇದೇ ಸಂಜೆಯ ಹಸಿವಿಗೆ ಹುಟ್ಟಿದ್ದು. ಹಗಲು ಗೇರುಸೊಪ್ಪದಿಂದ ತಲಕಳಲೆಗೆ ನೀರೆತ್ತಿ, ರಾತ್ರಿ ಬಿಟ್ಟು 2,000 ಮೆಗಾವಾಟ್ ತೆಗೆಯುವ ಲೆಕ್ಕ. ನೀರು, ಬಂಡೆ, ಗುರುತ್ವ, ಎಲ್ಲ ನಿರಪಾಯ ಸಾಮಗ್ರಿ. ಆದರೆ ಸುರಂಗ ಹೋಗುವುದು ಸಿಂಗಳೀಕಗಳ ಅಭಯಾರಣ್ಯದಡಿ. ಕಾಡನ್ನೂ ಸಾಮಗ್ರಿಯ ಪಟ್ಟಿಯಲ್ಲಿ ಬರೆದರೆ ಇದು ಎಲ್ಲಕ್ಕಿಂತ ದುಬಾರಿ ಬ್ಯಾಟರಿ. ಅದನ್ನು ವಾಪಸು ಎರಕ ಹೊಯ್ಯಲಾಗದು.

ಇಳಿಸುವ ಖರ್ಚು

ಕೇಂದ್ರದ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್‌ನಿಂದ ಸೋಲಾರ್ ಪ್ಯಾನೆಲ್ಲನ್ನೂ ಒಳಗೊಂಡಿವೆ. ಉತ್ಪಾದಕರು 2034–35ರವರೆಗೆ ತ್ಯಾಜ್ಯವನ್ನು ಸಂಗ್ರಹಿಸಿಡಬೇಕು ಎನ್ನುತ್ತವೆ ಅವು. ಎಷ್ಟು ಪಾಲು ಮರುಬಳಕೆ ಆಗಲೇಬೇಕು ಎಂಬ ಗುರಿಯ ಒತ್ತಡ ಟಿವಿ, ಫ್ರಿಜ್‌ಗಳಿಗೆ ಇರುವಂತೆ ಇದಕ್ಕಿಲ್ಲ. 2030ರ ಹೊತ್ತಿಗೆ ದೇಶದಲ್ಲಿ ಆರು ಲಕ್ಷ ಟನ್ ಸೋಲಾರ್ ತ್ಯಾಜ್ಯ ಸೇರಬಹುದೆಂದು ದೆಹಲಿಯ ಸಿಇಇಡಬ್ಲ್ಯು ಸಂಸ್ಥೆ 2024ರಲ್ಲಿ ಅಂದಾಜಿಸಿದೆ. ಹೆಚ್ಚು ತ್ಯಾಜ್ಯ ಬೀಳುವ ಐದು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಯಸ್ಸು ಮುಗಿಯುವವರೆಗೆ ಕಾಯಬೇಕಿಲ್ಲ: ಸಾಗಣೆಯಲ್ಲಿ ಒಡೆದವು, ಆಲಿಕಲ್ಲಿಗೆ ಬಿರಿದವು, ಹೊಸ ಮಾದರಿ ಬಂತೆಂದು ಬಿಚ್ಚಿಟ್ಟವು ಈಗಲೇ ಸೇರುತ್ತಿವೆ.

ಫ್ರಾನ್ಸಿನಲ್ಲಿ ಪ್ಯಾನೆಲ್ ಕೊಳ್ಳುವಾಗಲೇ ಬೆಲೆಯ ಜೊತೆ ಸಣ್ಣದೊಂದು ಶುಲ್ಕ ಕಟ್ಟಿಸಿಕೊಳ್ಳುತ್ತಾರೆ. ಮುಂದೆ ಅದನ್ನು ಒಯ್ಯುವ, ಬಿಡಿಸುವ ಖರ್ಚು ಆ ಹಣದಿಂದ. ಅಲ್ಲಿ ಸಿಲಿಕಾನ್, ಬೆಳ್ಳಿ ಬೇರ್ಪಡಿಸುವ ಕಾರ್ಖಾನೆಗಳು ಎದ್ದದ್ದು ಈ ದುಡ್ಡಿನ ಧೈರ್ಯದ ಮೇಲೆ. ವಸ್ತುವಿಗೆ ತಾನಾಗಿ ಗುಜರಿ ಬೆಲೆ ಇಲ್ಲದಿದ್ದರೆ ಕಟ್ಟಿಕೊಡಬೇಕು, ಬೇರೆ ಉಪಾಯ ನನಗೆ ತೋಚುತ್ತಿಲ್ಲ. ಅಂಟಿಲ್ಲದೆ ಎರಡು ಗಾಜುಗಳ ನಡುವೆ ಕೋಶಗಳನ್ನು ಒತ್ತಿ ಹಿಡಿಯುವ ಪ್ಯಾನೆಲ್ ವಿನ್ಯಾಸಗಳೂ ಇವೆ. ಬಿಚ್ಚುವ ಖರ್ಚು ತಯಾರಕನ ತಲೆಗೇ ಬರುವುದಾದರೆ ಅವು ಮೂಲೆಯಿಂದ ಹೊರಗೆ ಬಂದಾವು.

ನಮ್ಮಲ್ಲಿ ಪಿಎಂ ಸೂರ್ಯಘರ್ ಯೋಜನೆ 2024ರಿಂದ ಒಂದು ಕೋಟಿ ಮನೆಗಳ ತಾರಸಿಯ ಮೇಲೆ ಕಣ್ಣಿಟ್ಟಿದೆ. ಪಾವಗಡದಲ್ಲಾದರೆ ಕೇಳಲು ಕೆಲವು ಕಂಪನಿಗಳ ಹೆಸರುಗಳಿವೆ, ಇಲ್ಲಿ ಮನೆಯ ಯಜಮಾನನೇ ಕಂಪನಿ. ಮೂರು ಕಿಲೊವಾಟ್‌ಗೆ 78,000 ರೂಪಾಯಿವರೆಗೆ ಸಹಾಯಧನ ಬರುತ್ತದೆ, ಅದು ಏರಿಸುವುದಕ್ಕೆ. ಅಳವಡಿಸಲು ಬಂದವರು ದಿನಕ್ಕೆಷ್ಟು ಯೂನಿಟ್, ಎಷ್ಟು ವರ್ಷದಲ್ಲಿ ಅಸಲು ಎಂದೆಲ್ಲ ತಾವಾಗೇ ಹೇಳುತ್ತಾರೆ. ಇಳಿಸಿ ಒಯ್ಯುವುದು ಯಾರು ಎಂದು ಮಾತ್ರ ನಾವೇ ಕೇಳಬೇಕು. ಉತ್ತರವನ್ನು ಬಾಯಿಮಾತಿನಲ್ಲಿ ಬಿಡದೆ ಒಪ್ಪಂದದ ಕಾಗದದಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.